ಮನೆಗೆ ಇನ್ವರ್ಟರ್ ಕೊಳ್ಳುವ ಮುನ್ನ: ಕರೆಂಟ್ ಬರುವ ಗಂಟೆಗಳನ್ನೂ ಎಣಿಸಿ

ನಮ್ಮ ಮನೆಯ ಮೊದಲ ಇನ್ವರ್ಟರ್ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತುಹೋಯಿತು. ಊರು ಸಾಗರದ ಕಡೆಯ ಹಳ್ಳಿ. ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಒಂದೊಂದು ಸಲ ಎರಡು ದಿನ ಕತ್ತಲೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತು ಕರೆಂಟ್ ಹೋಗುತ್ತೆ?" ಅಪ್ಪಯ್ಯ ಇದ್ದದ್ದನ್ನು ಹೇಳಿದರು. "ಹಾಗಾದ್ರೆ ದೊಡ್ಡದೇ ಹಾಕ್ಬಿಡಿ" ಎಂದು 220 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿಯನ್ನು ಜೀಪಿಗೆ ಏರಿಸಿ ಕಳಿಸಿದರು.

ಅದು ಸತ್ತ ಮೇಲೆ ನೋಡಲು ಬಂದ ವೈರ್‌ಮನ್ ಬ್ಯಾಟರಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಮೊದಲು ಬೋರ್ಡಿಗೆ ಮೀಟರ್ ಹಿಡಿದ. ಸಂಜೆ ಏಳಕ್ಕೆ 160 ವೋಲ್ಟ್. "ಬ್ಯಾಟರಿದು ತಪ್ಪಿಲ್ಲ ಮಾರಾಯ್ರೆ. ಅದಕ್ಕೆ ಒಂದು ದಿನಾನೂ ಹೊಟ್ಟೆ ತುಂಬಿಲ್ಲ" ಎಂದ. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಎಳೆದ ಲೈನಿನ ಕೊನೆಯ ಮನೆ ನಮ್ಮದು. ಕರೆಂಟ್ ಇದ್ದಾಗಲೂ ಡಿಮ್. ಖಾಲಿಯಾದ ಬ್ಯಾಟರಿ ತುಂಬುವ ಮೊದಲೇ ಮತ್ತೆ ಕರೆಂಟ್ ಹೋಗುತ್ತಿತ್ತು.

ಆವತ್ತಿನಿಂದ ಯಾರು ಇನ್ವರ್ಟರ್ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು ಕರೆಂಟ್ ಎಷ್ಟು ಹೊತ್ತು ಬರುತ್ತದೆ, ಎಷ್ಟು ವೋಲ್ಟಿನಲ್ಲಿ ಬರುತ್ತದೆ ಎಂದು. ಹೋಗುವ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಬರುವ ಲೆಕ್ಕ ಇಟ್ಟವರು ಕಡಿಮೆ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಕ್ಯಾಲೆಂಡರಿನ ಬದಿಯಲ್ಲೇ ಬರೆಯಿರಿ. ಕರೆಂಟ್ ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು. ಜೊತೆಗೆ ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ, ರಾತ್ರಿ ಹತ್ತಕ್ಕೆ ವೋಲ್ಟೇಜ್ ಎಷ್ಟಿದೆ ಎಂದು. ಸಾಕೆಟ್ಟಿಗೆ ಚುಚ್ಚಿ ನೋಡುವ ಪುಟ್ಟ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಪ್ಪತ್ತು ಸಾವಿರ ಸುರಿಯುವ ಮುನ್ನ ಅಷ್ಟು ಖರ್ಚು ಮಾಡಿ.

ಬರೆದ ಮೇಲೆ ನಿಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯುತ್ತದೆ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ; ದುರಸ್ತಿ ಇದ್ದ ದಿನ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ. ವೋಲ್ಟೇಜ್ 220ರ ಆಸುಪಾಸು. ಇಂಥವರಿಗೆ ಯಾವ ಬ್ಯಾಟರಿ ಹಾಕಿದರೂ ಬದುಕುತ್ತದೆ. ಮಲೆನಾಡು, ಕರಾವಳಿಯ ಒಳಭಾಗದಲ್ಲಿ ಬೇಸಿಗೆಯಲ್ಲಿ ಅಷ್ಟು ತೊಂದರೆಯಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಲೆಕ್ಕವೇ ಬೇರೆ. ಬಯಲುಸೀಮೆಯ ತೋಟದ ಮನೆಗಳದ್ದು ಇನ್ನೊಂದು ಕಥೆ. ಊರೊಳಗಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಲೈನ್ ಎಳೆದಿರುವ ಕಡೆ ಪಂಪ್‌ಸೆಟ್ ಲೈನಿಗೆ ಜೋತುಬಿದ್ದ ತೋಟದ ಮನೆಗೆ ತ್ರೀ ಫೇಸ್ ಸಿಗುವುದೇ ಏಳು ಗಂಟೆ. ಉಳಿದ ಹೊತ್ತು ಸಿಂಗಲ್ ಫೇಸ್, ಅದೂ ಡಿಮ್. 2023ರಲ್ಲಿ ಮುಂಗಾರು ಕೈಕೊಟ್ಟು ಅಕ್ಟೋಬರಿನಲ್ಲಿ ಇಡೀ ರಾಜ್ಯಕ್ಕೆ ಕರೆಂಟಿನ ಬರ ಬಂದಾಗ ಈ ಮನೆಗಳ ಬ್ಯಾಟರಿಗಳೇ ಮೊದಲು ಸೋತವು ಎಂದು ನಮ್ಮ ನೆಂಟರು ಹೇಳುತ್ತಾರೆ.

ವೋಲ್ಟೇಜ್ ಸದಾ 180ಕ್ಕಿಂತ ಕೆಳಗಿದ್ದರೆ ಇನ್ವರ್ಟರ್ ಕೊಳ್ಳುವ ಮೊದಲು 1912ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಲ್ಲಕ್ಕೂ ಅದೇ ಸಂಖ್ಯೆ. ಒಬ್ಬರು ಕೊಡುವುದಕ್ಕಿಂತ ಕೇರಿಯ ನಾಲ್ಕು ಮನೆಯವರು ಕೊಟ್ಟರೆ ಒಳ್ಳೆಯದು.

ಎರಡನೇ ಹೆಜ್ಜೆ: ಕತ್ತಲಲ್ಲಿ ಏನು ಓಡಬೇಕು?

ಮನೆಯಲ್ಲಿರುವುದನ್ನೆಲ್ಲ ಪಟ್ಟಿ ಮಾಡಬೇಡಿ. ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ ಯಾವುದಿಲ್ಲದೆ ಆಗುವುದಿಲ್ಲವೋ ಅದನ್ನಷ್ಟೇ ಬರೆಯಿರಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಎಲ್‌ಇಡಿ ಬಲ್ಬ್ 9, ಎಲ್‌ಇಡಿ ಟ್ಯೂಬ್ 20, ವೈಫೈ ಡಬ್ಬಿ 10, 32 ಇಂಚಿನ ಟಿವಿ 50ರ ಹತ್ತಿರ. ಎರಡು ಫ್ಯಾನ್, ನಾಲ್ಕು ಬಲ್ಬ್, ಒಂದು ಟ್ಯೂಬ್, ವೈಫೈ, ಟಿವಿ ಸೇರಿದರೆ 266 ವ್ಯಾಟ್. ಎಲ್ಲರೂ ಮಲಗಿದ ಮೇಲೆ ಎರಡು ಫ್ಯಾನ್, ಒಂದು ಬಲ್ಬ್, ವೈಫೈ: 170 ಎಂದಿಟ್ಟುಕೊಳ್ಳಿ.

ಗೀಸರ್, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರ್, ಇಂಡಕ್ಷನ್ ಒಲೆ, ಮೈಕ್ರೋವೇವ್ ಇವುಗಳನ್ನು ಮರೆತುಬಿಡಿ. ಮಿಕ್ಸಿ 500ರಿಂದ 750 ವ್ಯಾಟ್ ಎಳೆಯುತ್ತದೆ. ಚಟ್ನಿಗೆ ಐದು ನಿಮಿಷ ಓಡಿಸಿದರೆ ಇನ್ವರ್ಟರ್ ತಡೆಯಬಹುದು, ಇಡ್ಲಿ ಹಿಟ್ಟು ರುಬ್ಬಲು ಕೂರಬೇಡಿ. ಫ್ರಿಜ್ ಓಡುವಾಗ 150-200 ವ್ಯಾಟ್ ಇದ್ದರೂ ಕಂಪ್ರೆಸರ್ ಹೊರಡುವ ಕ್ಷಣಕ್ಕೆ ಅದರ ಹಲವು ಪಟ್ಟು ಕೇಳುತ್ತದೆ. ಚಿಕ್ಕ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನೊಳಗೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ, ಹಾಲು ಕೆಡುವುದಿಲ್ಲ. ಮನೆಯಲ್ಲಿ ಇನ್ಸುಲಿನ್ ಇಡುವವರು, ಆಮ್ಲಜನಕದ ಯಂತ್ರ ಬಳಸುವವರು ಇದ್ದರೆ ಈ ಲೇಖನದ ಅಗ್ಗದ ಲೆಕ್ಕ ಅವರಿಗಲ್ಲ. ಆ ಉಪಕರಣದ ಮೇಲಿನ ವ್ಯಾಟ್ ನೋಡಿ, ಅದಕ್ಕೇ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಕೆಲವರಿಗೆ ಈ ಪಟ್ಟಿ ಬರೆದಾಗ ಇನ್ವರ್ಟರೇ ಬೇಡ ಎಂದು ಗೊತ್ತಾಗುತ್ತದೆ. ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದು, ಮನೆಯಿಂದ ಕೆಲಸ ಮಾಡುವಾಗ ಅರ್ಧ ನಿಮಿಷ ವೈಫೈ ಕಡಿಯುವುದಷ್ಟೇ ಕಷ್ಟ ಎನ್ನುವವರಿಗೆ ವೈಫೈ ಡಬ್ಬಿಗೆ ಸಿಕ್ಕಿಸುವ ಮಿನಿ ಯುಪಿಎಸ್ ಸಾಕು, ಸಾವಿರ-ಒಂದೂವರೆ ಸಾವಿರದಲ್ಲಿ ಮುಗಿಯುತ್ತದೆ. ಬೆಳಕು ಮಾತ್ರ ಬೇಕೆಂದರೆ ಒಳಗೇ ಬ್ಯಾಟರಿ ಇರುವ ಎಲ್‌ಇಡಿ ಬಲ್ಬ್ ಹಾಕಿ.

ಮೂರನೇ ಹೆಜ್ಜೆ: ಬ್ಯಾಟರಿಗಿಂತ ಮೊದಲು ಫ್ಯಾನ್ ನೋಡಿ

ಇದು ನನಗೆ ತಡವಾಗಿ ಹೊಳೆದದ್ದು, ಆದರೆ ಇದರಷ್ಟು ದುಡ್ಡು ಉಳಿಸುವ ಮಾತು ಇನ್ನೊಂದಿಲ್ಲ. ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ ಡಿಸಿ ಮೋಟಾರಿನದು) ಅದೇ ಗಾಳಿಗೆ 30 ವ್ಯಾಟಿನ ಆಸುಪಾಸು ತಿನ್ನುತ್ತದೆ. ಮೇಲೆ ಹೇಳಿದ ರಾತ್ರಿಯ 170 ವ್ಯಾಟ್, ಎರಡು ಫ್ಯಾನ್ ಬದಲಾಯಿಸಿದರೆ 80ಕ್ಕೆ ಇಳಿಯುತ್ತದೆ.

ಈಗ ಬ್ಯಾಟರಿಯ ಲೆಕ್ಕ. 150 ಎಎಚ್ ಬ್ಯಾಟರಿಯನ್ನು 12 ವೋಲ್ಟಿನಿಂದ ಗುಣಿಸಿದರೆ 1800 ವ್ಯಾಟ್-ಗಂಟೆ. ಅಷ್ಟೂ ಕೈಗೆ ಸಿಗುವುದಿಲ್ಲ. ಇನ್ವರ್ಟರಿನಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಬ್ಯಾಟರಿಯನ್ನು ತಳದವರೆಗೆ ಬಸಿಯಲೂ ಬಾರದು. 100ಕ್ಕೆ 60 ಸಿಗುತ್ತದೆ ಎಂದು ಹಿಡಿದರೆ ಮೋಸ ಹೋಗುವುದಿಲ್ಲ: 1080. ಇದನ್ನು 170ರಿಂದ ಭಾಗಿಸಿ, ಆರು ಗಂಟೆಯ ಮೇಲೆ ಸ್ವಲ್ಪ. ಅದೇ 100 ಎಎಚ್ ಬ್ಯಾಟರಿಯಲ್ಲಿ ಸಿಗುವುದು 720. ಬಿಎಲ್‌ಡಿಸಿ ಫ್ಯಾನಿನ 80 ವ್ಯಾಟಿಗೆ ಭಾಗಿಸಿದರೆ ಒಂಬತ್ತು ಗಂಟೆ.

ಅಂದರೆ ಹಳೆಯ ಫ್ಯಾನ್ ಇಟ್ಟುಕೊಂಡು ದೊಡ್ಡ ಬ್ಯಾಟರಿ ಹಾಕಿದವರಿಗಿಂತ, ಫ್ಯಾನ್ ಬದಲಿಸಿ ಚಿಕ್ಕ ಬ್ಯಾಟರಿ ಹಾಕಿದವರು ಹೆಚ್ಚು ಹೊತ್ತು ಗಾಳಿಯಲ್ಲಿ ಮಲಗುತ್ತಾರೆ. ಎರಡು ಬ್ಯಾಟರಿಗಳ ಬೆಲೆಯ ವ್ಯತ್ಯಾಸದಲ್ಲಿ ಒಂದು ಫ್ಯಾನ್ ಬಂದೇ ಬರುತ್ತದೆ. ಬ್ಯಾಟರಿ ಐದು ವರ್ಷಕ್ಕೆ ಗುಜರಿಗೆ ಹೋಗುತ್ತದೆ, ಫ್ಯಾನ್ ಉಳಿಯುತ್ತದೆ, ಕರೆಂಟ್ ಇರುವಾಗಲೂ ಬಿಲ್ ಇಳಿಸುತ್ತದೆ. ಗೃಹಜ್ಯೋತಿಯಲ್ಲಿ ತಮಗೆ ನಿಗದಿಯಾದ ಯೂನಿಟ್ಟಿನ ಅಂಚಿನಲ್ಲಿ ಇರುವ ಮನೆಗಳಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಖಾಲಿಯಾದ 150 ಎಎಚ್ ಬ್ಯಾಟರಿ ಒಂದು ಸಲ ತುಂಬಲು ಸುಮಾರು 2 ಯೂನಿಟ್ ಬೇಕು.

ನಾಲ್ಕನೇ ಹೆಜ್ಜೆ: ತುಂಬುವ ಲೆಕ್ಕ

ಸೀಸ-ಆಮ್ಲದ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಪಾಲಿನಷ್ಟು ಆಂಪಿಯರ್ ಚಾರ್ಜ್ ಸಿಗಬೇಕು. 150 ಎಎಚ್‌ಗೆ 15, 100ಕ್ಕೆ 10. ಕೊಟ್ಟದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚಿಗೆ ವಾಪಸ್ ತುಂಬಬೇಕಾಗುತ್ತದೆ, ತುಂಬುತ್ತ ಬಂದ ಹಾಗೆ ಚಾರ್ಜಿಂಗ್ ನಿಧಾನವೂ ಆಗುತ್ತದೆ. ಹಾಗಾಗಿ ಪೂರ್ತಿ ಬಳಸಿದ 150 ಎಎಚ್ ಬ್ಯಾಟರಿ ಮತ್ತೆ ಭರ್ತಿಯಾಗಲು ಒಳ್ಳೆಯ ಕರೆಂಟಿನಲ್ಲೇ ಹತ್ತು-ಹನ್ನೆರಡು ಗಂಟೆ ಹಿಡಿಯುತ್ತದೆ. ನಮ್ಮ ಮನೆಯ 220 ಎಎಚ್‌ಗೆ ಜೋಡಿಸಿದ್ದು ಚಿಕ್ಕ ಇನ್ವರ್ಟರ್, ಬರುತ್ತಿದ್ದುದು ಡಿಮ್ ಕರೆಂಟ್. ದೊಡ್ಡ ಬ್ಯಾಟರಿ ಇದೆಯಲ್ಲ ಎಂಬ ಧೈರ್ಯದಲ್ಲಿ ಟಿವಿಯೂ ಓಡುತ್ತಿತ್ತು. ತೆಗೆದದ್ದು ಹೆಚ್ಚು, ತುಂಬಿದ್ದು ಕಡಿಮೆ. ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಒಮ್ಮೆ ಕೂತ ಮೇಲೆ ಅದು ಬಿಡುವುದಿಲ್ಲ.

ಆದ್ದರಿಂದ ಬರೆದಿಟ್ಟ ಕ್ಯಾಲೆಂಡರ್ ತೆಗೆಯಿರಿ. ದಿನಕ್ಕೆ ಒಳ್ಳೆಯ ವೋಲ್ಟೇಜಿನಲ್ಲಿ ಹದಿನೈದು ಗಂಟೆಗಿಂತ ಹೆಚ್ಚು ಕರೆಂಟ್ ಇದ್ದರೆ 150 ಎಎಚ್ ಹಾಕಲು ಅಂಜಬೇಡಿ. ಎಂಟು-ಹತ್ತು ಗಂಟೆ ಮಾತ್ರ ಇದ್ದರೆ ಬಳಕೆ ಇಳಿಸಿ, 100 ಅಥವಾ 120 ಎಎಚ್‌ಗೆ ನಿಲ್ಲಿ, ಚಾರ್ಜಿಂಗ್ ಆಂಪಿಯರ್ ಹೆಚ್ಚಿರುವ ಇನ್ವರ್ಟರನ್ನೇ ಹುಡುಕಿ. ಇಂಥ ಕಡೆ ಲಿಥಿಯಂ ಬ್ಯಾಟರಿಯೂ ಯೋಚಿಸತಕ್ಕದ್ದು: ಬೇಗ ತುಂಬುತ್ತದೆ, ಅರ್ಧ ತುಂಬಿದರೂ ಕೆಡುವುದಿಲ್ಲ, ನೀರು ಹಾಕಬೇಕಿಲ್ಲ, ಒಬ್ಬರೇ ಎತ್ತಿಡಬಹುದು. 12.8 ವೋಲ್ಟಿನ 100 ಎಎಚ್ ಲಿಥಿಯಂ ಕೊಡುವುದು 150 ಎಎಚ್ ಟ್ಯೂಬುಲರ್ (ಕೊಳವೆಯಾಕಾರದ ಪ್ಲೇಟಿನ ಸೀಸ-ಆಮ್ಲದ ಬ್ಯಾಟರಿ) ಕೊಡುವಷ್ಟೇ. ಬೆಲೆ ಮಾತ್ರ ಈಗಲೂ ಬಹಳ ಹೆಚ್ಚು, ಇನ್ವರ್ಟರಿನಲ್ಲಿ ಲಿಥಿಯಂಗೆಂದೇ ಚಾರ್ಜಿಂಗ್ ಆಯ್ಕೆ ಇರಬೇಕು. ಹಳೆಯ ಇನ್ವರ್ಟರಿಗೆ ಹಾಗೇ ಜೋಡಿಸಬೇಡಿ.

ಐದನೇ ಹೆಜ್ಜೆ: ಪೆಟ್ಟಿಗೆಯ ಮೇಲೆ ಏನು ಓದಬೇಕು

ಇನ್ವರ್ಟರ್ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ದೊಡ್ಡಕ್ಷರದಲ್ಲಿ 1100 ಎಂದಿರುತ್ತದೆ, ಬದಿಯ ಸಣ್ಣ ಅಕ್ಷರದಲ್ಲಿ 900 ವಿಎ (ವೋಲ್ಟ್-ಆಂಪಿಯರ್) ಎಂದಿರುತ್ತದೆ, ಅದು ನಿಜವಾಗಿ ಹೊರುವುದು 700-750 ವ್ಯಾಟ್. ವ್ಯಾಟ್ ಎಷ್ಟೆಂದು ಕೇಳಿ. 266 ವ್ಯಾಟಿನ ಮನೆಗೆ 700 ವಿಎ ಕೂಡ ಧಾರಾಳ. ಆಗೊಮ್ಮೆ ಮಿಕ್ಸಿ ಹಾಕುವವರು 900 ವಿಎ ತೆಗೆದುಕೊಳ್ಳಿ. ಅದಕ್ಕಿಂತ ದೊಡ್ಡದು ಎರಡು ಬ್ಯಾಟರಿ ಕೇಳಲು ಶುರುಮಾಡುತ್ತದೆ.

ಪ್ಯೂರ್ ಸೈನ್ ವೇವ್ ಇರಲಿ, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆ. ಸ್ಕ್ವೇರ್ ವೇವ್ ಸಾವಿರ-ಎರಡು ಸಾವಿರ ಅಗ್ಗ. ಆದರೆ ಫ್ಯಾನ್ ರಾತ್ರಿಯಿಡೀ ಗುಂಯ್ ಎನ್ನುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಚಿಕ್ಕ ಸ್ವಿಚ್ ಹಿಂಬದಿಯಲ್ಲಿರುತ್ತದೆ, ಕೆಲವು ಮಾದರಿಗಳಲ್ಲಿ ಇದನ್ನು ಇಕೋ ಎನ್ನುತ್ತಾರೆ. ಹಳ್ಳಿಯ ಮನೆಗಳಲ್ಲಿ ಬ್ಯಾಟರಿ ಬೇಗ ಸಾಯುವುದರ ಗುಟ್ಟು ಎಷ್ಟೋ ಸಲ ಇಲ್ಲಿದೆ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಸಾಕು, ಇನ್ವರ್ಟರ್ 'ಕರೆಂಟ್ ಹೋಯಿತು' ಎಂದೇ ತಿಳಿದು ಬ್ಯಾಟರಿಗೆ ಹಾರುತ್ತದೆ. ಬೋರ್ಡಿನಲ್ಲಿ ಕರೆಂಟ್ ಇದ್ದರೂ ಮನೆ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಚಾರ್ಜಿಂಗೂ ಇಲ್ಲ. ನಾರ್ಮಲ್ ಮೋಡಿನಲ್ಲಿ 100-110 ವೋಲ್ಟಿನವರೆಗೂ ತಡೆದುಕೊಂಡು ಚಾರ್ಜ್ ಮಾಡುತ್ತದೆ. ಕಂಪ್ಯೂಟರ್ ಇಲ್ಲದ ಮನೆಗೆ ಡಿಮ್ ಕರೆಂಟ್ ಬರುತ್ತಿದ್ದರೆ ನಾರ್ಮಲ್ಲಿಗೆ ಹಾಕಿಸಿ. ಈಗಾಗಲೇ ಇನ್ವರ್ಟರ್ ಇರುವವರು ಇವತ್ತೇ ನೋಡಬಹುದು, ಖರ್ಚಿಲ್ಲ.

ಬ್ಯಾಟರಿಯಲ್ಲಿ ಟಾಲ್ ಟ್ಯೂಬುಲರ್ ತೆಗೆದುಕೊಳ್ಳಿ. ಫ್ಲಾಟ್ ಪ್ಲೇಟ್ ಅಗ್ಗ, ಆದರೆ ದಿನಾ ಬಸಿದು ತುಂಬುವ ಕೆಲಸಕ್ಕೆ ಬಾಳುವುದಿಲ್ಲ. ಟ್ರ್ಯಾಕ್ಟರ್, ಕಾರಿನ ಬ್ಯಾಟರಿಯಂತೂ ಬೇಡವೇ ಬೇಡ. ಅವು ಒಂದು ಕ್ಷಣ ಜೋರಾಗಿ ಇಂಜಿನ್ ತಿರುಗಿಸಲು ಮಾಡಿದವು. ಎಎಚ್ ಪಕ್ಕದಲ್ಲಿ ಸಿ20 ಅಥವಾ ಸಿ10 ಎಂದಿರುತ್ತದೆ. ಸಿ20 ಎಂದರೆ ಇಪ್ಪತ್ತು ಗಂಟೆಯಲ್ಲಿ ನಿಧಾನ ಬಸಿದರೆ ಸಿಗುವ ಅಳತೆ, ಸಿ10 ಎಂದರೆ ಹತ್ತು ಗಂಟೆಯಲ್ಲಿ ಬಸಿದರೂ ಸಿಗುವುದು. ಒಂದೇ 150 ಎಂದಿದ್ದರೂ ಸಿ10ರ ಬ್ಯಾಟರಿ ಹೆಚ್ಚು ಗಟ್ಟಿ.

ಆರನೇ ಹೆಜ್ಜೆ: ಅಂಗಡಿಯಲ್ಲಿ

ಸೈನ್ ವೇವ್ 900 ವಿಎ ಇನ್ವರ್ಟರ್ ಸುಮಾರು 5,500ರಿಂದ 7,500 ರೂಪಾಯಿ, 150 ಎಎಚ್ ಟಾಲ್ ಟ್ಯೂಬುಲರ್ 12,000ದಿಂದ 16,000. ಟ್ರಾಲಿ, ವೈರಿಂಗ್ ಸೇರಿ 20,000ದಿಂದ 25,000 ತಯಾರಿಟ್ಟುಕೊಳ್ಳಿ. 100 ಎಎಚ್‌ಗೆ ಇಳಿದರೆ ನಾಲ್ಕೈದು ಸಾವಿರ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೀಸ-ಆಮ್ಲದ ಬ್ಯಾಟರಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ವಾರಂಟಿ 36+24 ಎಂದು ಬರೆದಿದ್ದರೆ ಐದು ವರ್ಷ ಉಚಿತ ಎಂದಲ್ಲ. ಮೊದಲ 36 ತಿಂಗಳು ಕೆಟ್ಟರೆ ಬದಲಿ ಕೊಡುತ್ತಾರೆ, ನಂತರದ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಾರೆ, ಅಷ್ಟೇ. ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಕೂಡಿಸಿದ ಮೊತ್ತ ನೋಡದೆ ಮೊದಲ ಸಂಖ್ಯೆ ನೋಡಿ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿ, ಬ್ಯಾಟರಿಯ ಮೇಲಿರುವುದರೊಂದಿಗೆ ಅಲ್ಲೇ ತಾಳೆ ನೋಡಿ, ಫೋನಿನಲ್ಲಿ ಫೋಟೋ ಹಿಡಿದಿಡಿ. ತಯಾರಾದ ತಿಂಗಳು ಯಾವುದೆಂದು ಕೇಳಿ. ಅಂಗಡಿಯ ಮೂಲೆಯಲ್ಲಿ ಆರು ತಿಂಗಳು ಚಾರ್ಜಿಲ್ಲದೆ ಕೂತ ಬ್ಯಾಟರಿ ಹೊಸದಲ್ಲ.

ಹಳೆಯ ಬ್ಯಾಟರಿ ಇದ್ದರೆ ಅಲ್ಲೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ. ಸೀಸಕ್ಕೆ ಬೆಲೆಯಿದೆ, ತೂಕ ಹಾಕಿಸಿ. ಆಮ್ಲವನ್ನು ತೋಟಕ್ಕೋ ಚರಂಡಿಗೋ ಸುರಿದು ಹಗುರ ಮಾಡಿ ಗುಜರಿಯವರಿಗೆ ಕೊಡುವ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಮಾಡಬೇಡಿ. ಅದರಲ್ಲಿ ಸೀಸವೂ ಇರುತ್ತದೆ. ಬಾವಿ ಪಕ್ಕದಲ್ಲೇ ಇದೆ.

ಸೋಲಾರ್ ಬಗ್ಗೆ ಒಂದು ಮಾತು. ಪಿಎಂ ಸೂರ್ಯಘರ್ ಸಬ್ಸಿಡಿಯಲ್ಲಿ ಚಾವಣಿಗೆ ಆನ್‌ಗ್ರಿಡ್ (ಕಂಪನಿಯ ಲೈನಿಗೇ ಸೇರಿಸಿದ) ಸೋಲಾರ್ ಹಾಕಿಸಿದರೆ ಇನ್ವರ್ಟರ್ ಬೇಡ ಎಂದು ಎಷ್ಟೋ ಜನ ತಿಳಿದಿದ್ದಾರೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು, ಕರೆಂಟ್ ಹೋದ ಕೂಡಲೇ ಆನ್‌ಗ್ರಿಡ್ ಸೋಲಾರ್ ತಾನೂ ನಿಂತುಬಿಡುತ್ತದೆ. ಬಿಲ್ ಇಳಿಯುತ್ತದೆ, ಕತ್ತಲೆಗೆ ಬ್ಯಾಟರಿ ಬೇಕೇ ಬೇಕು.

ಏಳನೇ ಹೆಜ್ಜೆ: ಎಲ್ಲಿಡಬೇಕು, ಹೇಗೆ ನೋಡಿಕೊಳ್ಳಬೇಕು

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ದೇವರ ಕೋಣೆ, ಅಡುಗೆಮನೆ, ಮಲಗುವ ಕೋಣೆ ಬೇಡ. ಗಾಳಿಯಾಡುವ ಜಗಲಿಯ ಮೂಲೆ ಅಥವಾ ಮೆಟ್ಟಿಲ ಕೆಳಗೆ ಸರಿ, ಆದರೆ ಬಾಗಿಲು ಹಾಕಿ ಮುಚ್ಚುವ ಗೂಡು ಆಗಬಾರದು. ಬಿಸಿಲು ಬೀಳಬಾರದು.

ಎರಡು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಫಿಲ್ಟರ್ ನೀರು, ಮಳೆ ನೀರು, ಕಾಯಿಸಿ ಆರಿಸಿದ ನೀರು ಯಾವುದೂ ಆಗದು. ಮೇಲಿನ ಗುರುತು ದಾಟಿಸಬೇಡಿ. ಟರ್ಮಿನಲ್ಲಿನಲ್ಲಿ ಬೆಳ್ಳಗೆ ಬೂಷ್ಟಿನಂತೆ ಕಟ್ಟಿದರೆ ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ವ್ಯಾಸಲೀನ್ ಸವರಿ. ಮಕ್ಕಳನ್ನು ದೂರ ಇಡಿ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಹಗಲು ಇನ್ವರ್ಟರ್ ಸ್ವಿಚ್ಚನ್ನೇ ಆಫ್ ಮಾಡಿ. ಒಂದು ಬಲ್ಬೂ ಹೊತ್ತದಿದ್ದರೂ ಅದು ತಾನೇ ಹತ್ತು-ಇಪ್ಪತ್ತು ವ್ಯಾಟ್ ತಿನ್ನುತ್ತಿರುತ್ತದೆ. ಹೀಗೆ ಹಿಡಿತದಲ್ಲಿ ಬಳಸಿದ್ದರಿಂದಲೇ ಈಗ ನಮ್ಮ ಮನೆಯ 100 ಎಎಚ್ ಬ್ಯಾಟರಿ ನಾಲ್ಕನೇ ಮಳೆಗಾಲ ದಾಟಿದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಂಗಳದ ಎರಡು ಟ್ಯೂಬೂ ಅದರಲ್ಲೇ ಉರಿಯುತ್ತವೆ. ಗುಡುಗು ಹತ್ತಿರ ಬಂದರೆ ಮಾತ್ರ ಪ್ಲಗ್ ಕಿತ್ತಿಡುತ್ತೇವೆ.

ವೈರಿಂಗ್ ಅನ್ನು ತಿಳಿದ ವೈರ್‌ಮನ್‌ನಿಂದಲೇ ಮಾಡಿಸಿ, ಫ್ಯಾನ್, ದೀಪದ ಲೈನ್ ಬೇರೆ ಮಾಡಿಸಿ, ಅರ್ಥಿಂಗ್ ಇದೆಯೇ ಎಂದು ಅಳೆಸಿ. ಕೆಲಸ ಮುಗಿದ ದಿನವೇ ಮೇನ್ ಇಳಿಸಿ, ಯಾವ ಯಾವ ಪಾಯಿಂಟಿನಲ್ಲಿ ಕರೆಂಟ್ ಉಳಿಯಿತು ಎಂದು ಕೋಣೆ ಕೋಣೆ ನೋಡಿ ಬರೆದುಕೊಳ್ಳಿ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಆ ಪಾಯಿಂಟುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಮೇನ್ ಇಳಿಸಿದ್ದೇನಲ್ಲ ಎಂದು ಫ್ಯಾನ್ ಬಿಚ್ಚಲು ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಇದರಿಂದಲೇ. ಮೇನ್ ಬೋರ್ಡಿನ ಪಕ್ಕ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: 'ಇನ್ವರ್ಟರ್ ಇದೆ, ಅದನ್ನೂ ಆಫ್ ಮಾಡಿ.'